ಪುಟ್ಟ ಎಂಜಿನ್ನಿನ ಹೊಗೆ

ಹಳೆಯ ವಿದ್ಯುತ್ ಆಟಿಕೆ ರೈಲುಗಳನ್ನು ಸಂಗ್ರಹಿಸಿರುವ ಓದುಗರೊಬ್ಬರು, ತಮ್ಮಲ್ಲಿರುವ ಲಯೊನೆಲ್ ಎಂಜಿನ್ನು ಹಳಿಯ ಮೇಲೆ ಚೆನ್ನಾಗಿಯೇ ಓಡುತ್ತಿದ್ದರೂ ಅದರ ಚಿಮಣಿಯಿಂದ ಹೊಗೆ ಮಾತ್ರ ಬಾರದಿರುವುದಕ್ಕೆ ಕಾರಣವೇನೆಂದೂ, ಬೆಂಕಿಯೇ ಇಲ್ಲದ ಆ ಯಂತ್ರದೊಳಗೆ ಹಿಂದೆ ಹೊಗೆ ಹುಟ್ಟುತ್ತಿದ್ದುದಾದರೂ ಹೇಗೆಂದೂ ಕೇಳಿದ್ದಾರೆ. ಎರಡನೆಯ ಪ್ರಶ್ನೆಗೆ ಉತ್ತರ ದೊರೆತರೆ ಮೊದಲನೆಯದು ಬಹುಮಟ್ಟಿಗೆ ತಾನೇ ಬಗೆಹರಿಯುವುದರಿಂದ, ಅದನ್ನೇ ಮೊದಲು ವಿಚಾರಿಸುವುದು ಯುಕ್ತ.

ಆ ಚಿಮಣಿಯಿಂದ ಹೊರಡುವುದು ದಹನದಿಂದ ಹುಟ್ಟಿದ ಮಸಿಯಲ್ಲ; ಅದೊಂದು ಕಿರಿಯ ಮೋಡ. ನೀರು ಕುದಿಯುತ್ತಿರುವ ಕೆಟಲಿನ ಮೂತಿಯನ್ನು ಗಮನವಿಟ್ಟು ನೋಡಿದರೆ, ಮೂತಿಯ ಅಂಚಿನಲ್ಲಿ ಸ್ವಲ್ಪ ದೂರ ಏನೂ ಕಾಣದೆ, ಅದರಾಚೆಗೆ ಬೆಳ್ಳನೆಯ ಹಬೆ ತೊಡಗುವುದು ತಿಳಿಯುತ್ತದೆ. ಬರಿದಾಗಿ ತೋರುವ ಆ ಎಡೆಯಲ್ಲಿರುವುದೇ ನಿಜವಾದ ನೀರಾವಿ. ಅದು ಗಾಳಿಯಂತೆಯೇ ಅಗೋಚರ. ತಂಪುಗಾಳಿಯೊಡನೆ ಬೆರೆತು, ಸಾಂದ್ರೀಕರಿಸಿ, ಅಸಂಖ್ಯ ಸೂಕ್ಷ್ಮ ಬಿಂದುಗಳಾದಾಗಲಷ್ಟೆ ಬೆಳಕು ಅವುಗಳಿಂದ ಚೆದುರಿ ಬಿಳುಪು ಕಾಣಿಸಿಕೊಳ್ಳುತ್ತದೆ. ಹೀಗೆ ಹನಿಗಟ್ಟುವುದಕ್ಕೂ ಆಶ್ರಯವೊಂದು ಬೇಕೆಂಬುದನ್ನು 1880ರ ಸುಮಾರಿಗೆ ಸ್ಕಾಟ್ಲೆಂಡಿನ ಜಾನ್ ಏಟ್ಕೆನ್ ತೋರಿಸಿಕೊಟ್ಟನು. ಹತ್ತಿಯ ಮೂಲಕ ಸೋಸಿದ ನಿರ್ಮಲ ವಾಯುವಿದ್ದ ಗಾಜಿನ ಪಾತ್ರೆಗೆ ಅವನು ನೀರಾವಿಯನ್ನು ಬಿಟ್ಟಾಗ ಮಂಜು ಮೂಡಲಿಲ್ಲ. ಸಾಮಾನ್ಯ ಗಾಳಿಯಿದ್ದ ಪಾತ್ರೆಯಲ್ಲಾದರೋ ದಟ್ಟವಾಗಿ ಕವಿಯಿತು. ಕಣ್ಣಿಗೆ ಬೀಳದ ಧೂಳಿನ ಕಣವೇ ಹನಿಗೆ ಬೀಜವೆಂದು ಅವನು ನಿರ್ಣಯಿಸಿದನು. ಆಕಾಶದ ಮುಗಿಲಿಗೆ ಸಲ್ಲುವ ನ್ಯಾಯವೇ ಗೇಣುದ್ದದ ಎಂಜಿನ್ನಿಗೂ ಸಲ್ಲುತ್ತದೆಂಬುದು ನನಗೆ ಎಂದೂ ಹಳತಾಗದ ಸಂತೋಷ. ಇಲ್ಲಿ ನೀರಿಗೆ ಬದಲಾಗಿ ಖನಿಜ ತೈಲವೋ ಕರಗುವ ಗುಳಿಗೆಯೋ ಇರುತ್ತದೆ, ಅಷ್ಟೆ.

ಜೋಶುವಾ ಲಯೊನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಸಂಸ್ಥೆಯು 1946ರಲ್ಲಿ ಹೊಗೆಯುಗುಳುವ ಎಂಜಿನ್ನುಗಳನ್ನು ಹೊರತಂದಾಗ, ಶಾಖವನ್ನೊದಗಿಸುತ್ತಿದ್ದುದು ನೆತ್ತಿಯಲ್ಲಿ ತಗ್ಗಿದ್ದ ವಿಶೇಷ ಬಲ್ಬು. ಗುಳಿಗೆಯು ಆ ತಗ್ಗಿನಲ್ಲಿ ಕುಳಿತು ಆವಿಯಾಗಬೇಕಾಗಿತ್ತು. ಮರುವರ್ಷವೇ ಬಲ್ಬು ಹೋಗಿ ನೈಕ್ರೋಮ್ ತಂತಿಯ ಸುರುಳಿ ಬಂದಿತು. ಪ್ರತಿಸ್ಪರ್ಧಿಯಾದ ಗಿಲ್ಬರ್ಟ್ ಕಂಪೆನಿಯ ಅಮೆರಿಕನ್ ಫ್ಲೈಯರ್ ರೈಲುಗಳಲ್ಲಿ ತೈಲ ಹೀರಿದ ಬತ್ತಿಗೆ ಇಂಥ ತಂತಿಯನ್ನೇ ಸುತ್ತಿರುತ್ತಿದ್ದರು. ನಿಕಲ್ ಮತ್ತು ಕ್ರೋಮಿಯಂ ಬೆರೆತ ಈ ಲೋಹಕ್ಕೆ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದಿದ್ದನು. ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಹಬ್ಬಿ, ಒಳಗಿನ ಲೋಹ ಸವೆಯದಂತೆ ಕಾಯುತ್ತದೆ.

ಎಂಜಿನ್ನಿನ ಹೊದಿಕೆಯನ್ನು ಬಿಚ್ಚಿದರೆ ಕಾಣುವುದು ಎರಡು ಕೋಣೆಗಳು: ಒಂದರಲ್ಲಿ ಕಾಯುವ ತಂತಿ, ಇನ್ನೊಂದರಲ್ಲಿ ಚಕ್ರದ ಚಲನೆಗೆ ಕೂಡಿಕೊಂಡು ಮೇಲೆ ಕೆಳಗೆ ಆಡುವ ಪಿಸ್ಟನ್ನು, ನಡುವೆ ಸೂಜಿಮೊನೆಯಷ್ಟು ರಂಧ್ರ. ಪಿಸ್ಟನ್ನು ಆ ರಂಧ್ರದಿಂದ ಗಾಳಿಯನ್ನು ಊದಿದಾಗಲೇ ಆವಿಯು ಹೊರಬಿದ್ದು, ತಣಿದು, ಗುಕ್ಕುಗುಕ್ಕಾಗಿ ಮೋಡವಾಗುತ್ತದೆ. ತಂತಿ ತುಂಡಾಗಿದೆಯೋ ಎಂಬುದನ್ನು ಮೀಟರು ಕ್ಷಣದಲ್ಲಿ ಹೇಳುತ್ತದೆ. ತಂತಿ ಸರಿಯಾಗಿದ್ದು ಹೊಗೆ ಸೋಮಾರಿಯಾಗಿ ಮೇಲೇಳುತ್ತಿದ್ದರೆ, ಹಳೆಯ ಗುಳಿಗೆಯ ಮೇಣದಂಥ ಗಸಿ ಆ ರಂಧ್ರವನ್ನು ಮುಚ್ಚಿರಬೇಕು, ಇಲ್ಲವೆ ಪಿಸ್ಟನ್ನು ಜಿಡ್ಡಿನಿಂದ ಸಿಕ್ಕಿಕೊಂಡಿರಬೇಕು. ಸಣ್ಣ ತಂತಿಯಿಂದ ರಂಧ್ರವನ್ನು ಬಿಡಿಸಿ, ಸಿಲಿಂಡರನ್ನು ಒರೆಸಿದರೆ ಸಾಕು. ಸುಟ್ಟ ವಾಸನೆ ಬಂದರೆ ಬತ್ತಿ ಒಣಗಿ ಕರಿದಾಗಿದೆಯೆಂದೇ ಅರ್ಥ.

ಹೊಸ ತಂತಿಯನ್ನು ಸುತ್ತುವವರು ಒಂದು ವಿಷಯವನ್ನು ಮರೆಯಬಾರದು. ಲೋಹವನ್ನು ಕಾಯುವ ಆ ಪೊರೆಯೇ ಬೆಸುಗೆಯ ಸೀಸವನ್ನು ಹತ್ತಗೊಡದಿರುವುದರಿಂದ, ತುದಿಗಳನ್ನು ಲೋಹದ ಪಟ್ಟಿಯಲ್ಲಿ ಅದುಮಿ ಹಿಡಿಸಬೇಕು. ಹೊಗೆ ಹೆಚ್ಚಲೆಂದು ತಂತಿಯನ್ನು ಮೊಟಕುಗೊಳಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ, ಅದು ತಪ್ಪು. 16 ಓಮ್ ತಡೆಯಿರುವ ಸುರುಳಿಗೆ 12 ವೋಲ್ಟ್ ಕೊಟ್ಟರೆ 9 ವ್ಯಾಟ್ ಶಾಖ. ತಂತಿಯನ್ನು ಅರ್ಧಕ್ಕಿಳಿಸಿದರೆ 18 ವ್ಯಾಟ್. ಆಗ ತೈಲ ಆವಿಯಾಗುವುದಕ್ಕೆ ಬದಲಾಗಿ ಸೀದುಹೋಗುತ್ತದೆ. ಹಳೆಯ ಘಟಕಗಳ ಒಳಪದರ ಕಲ್ನಾರಿನದಾಗಿರುವ ಸಂಭವವುಂಟಾದುದರಿಂದ, ಅದನ್ನು ಊದದೆ, ಕೆರೆಯದೆ, ಒದ್ದೆಮಾಡಿ ತೆಗೆದು, ಗಾಜಿನ ನಾರನ್ನು ಇಡುವುದು ಕ್ಷೇಮ. ತೈಲದ ಬತ್ತಿಯಿರುವ ಘಟಕಕ್ಕೆ ಕೆಲವೇ ಹನಿ ಸಾಕು. ತುಂಬ ಸುರಿದರೆ ತಂತಿ ಮುಳುಗಿ, ಬೇಕಾದಷ್ಟು ಕಾಯದೆ, ಚಿಮಣಿಯಿಂದ ತೈಲವೇ ಸಿಡಿಯುತ್ತದೆ.