ಮತಗಟ್ಟೆಯ ಮೊದಲ ಮೇಜು

ತುಮಕೂರು ಜಿಲ್ಲೆಯ ಒಂದು ಹಳ್ಳಿ. 2024ರ ಏಪ್ರಿಲ್ 26ರಂದು ಬೆಳಗಿನ ಐದೂವರೆಗೇ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ದೀಪ ಹತ್ತಿತ್ತು. ರಾಜ್ಯದ 14 ಲೋಕಸಭಾ ಕ್ಷೇತ್ರಗಳಿಗೆ ಅಂದು ಮತದಾನ. ಹಿಂದಿನ ಸಂಜೆ ಮಸ್ಟರಿಂಗ್ ಕೇಂದ್ರದಿಂದ ಪೆಟ್ಟಿಗೆಗಳೊಂದಿಗೆ ಬಸ್ಸಿನಲ್ಲಿ ಬಂದಿಳಿದ ಸಿಬ್ಬಂದಿ ರಾತ್ರಿ ತರಗತಿಯಲ್ಲೇ ಮಲಗಿದ್ದರು. ನಾನು ಪತ್ರಕರ್ತರಿಗೆ ಕೊಡುವ ಪಾಸು ಹಿಡಿದು ಒಳಗೆ ಹೋದಾಗ ಅಣಕು ಮತದಾನ ಶುರುವಾಗಿತ್ತು.

ಅಭ್ಯರ್ಥಿಗಳ ಏಜೆಂಟರ ಕಣ್ಣೆದುರೇ ಕನಿಷ್ಠ 50 ಮತ ಹಾಕಿ ನೋಡಬೇಕೆಂಬುದು ನಿಯಮ. ಕಂಟ್ರೋಲ್ ಯೂನಿಟ್ ತೋರಿಸಿದ ಲೆಕ್ಕಕ್ಕೂ ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಪೆಟ್ಟಿಗೆಗೆ ಬಿದ್ದ ಚೀಟಿಗಳಿಗೂ ತಾಳೆ ನೋಡಿದರು. ಆಮೇಲೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ (ಪಿಆರ್‌ಒ) 'ಕ್ಲಿಯರ್' ಗುಂಡಿ ಒತ್ತಿ, ಪರದೆಯ ಮೇಲಿನ ಸೊನ್ನೆಯನ್ನು ಎಲ್ಲರಿಗೂ ತೋರಿಸಿದರು. ಚೀಟಿಗಳು ಕಪ್ಪು ಲಕೋಟೆ ಸೇರಿದವು. ಹಸಿರು ಕಾಗದದ ಸೀಲಿನ ಮೇಲೆ ಏಜೆಂಟರು ಸಹಿ ಹಾಕಿದರು. ಏಳು ಗಂಟೆಗೆ ಬಾಗಿಲು ತೆರೆಯಿತು.

ಒಳಗೆ ಕಾಲಿಟ್ಟವರು ಮೊದಲು ನಿಲ್ಲುವುದು ಮತದಾರರ ಪಟ್ಟಿಯ ಮೇಜಿನ ಮುಂದೆ. ಅಲ್ಲಿನ ಅಧಿಕಾರಿ ಗುರುತಿನ ಚೀಟಿ ನೋಡಿ, ಕ್ರಮಸಂಖ್ಯೆ ಮತ್ತು ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಪಕ್ಕದ ಬೆಂಚಿನಲ್ಲಿ ಕುಳಿತ ಏಜೆಂಟರು ತಮ್ಮ ಪ್ರತಿಯಲ್ಲೂ ಗುರುತು ಹಾಕಿಕೊಳ್ಳುತ್ತಾರೆ. ಅಧಿಕಾರಿ ಹೆಸರಿನ ಮೇಲೆ ಓರೆಯಾಗಿ ಕೆಂಪು ಗೆರೆ ಎಳೆಯುತ್ತಾರೆ. ಹೆಂಗಸರಾದರೆ ಕ್ರಮಸಂಖ್ಯೆಯ ಸುತ್ತ ಒಂದು ಸುತ್ತು ಕೂಡ. ಮತದಾರರ ಗುರುತಿನ ಚೀಟಿ ಇಲ್ಲದವರು ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್ ಸೇರಿದಂತೆ 12 ದಾಖಲೆಗಳಲ್ಲಿ ಯಾವುದಾದರೊಂದನ್ನು ತೋರಿಸಬಹುದಿತ್ತು.

ಬಂದವರು ಆ ಹೆಸರಿನವರೇ ಅಲ್ಲವೆಂದು ಅನುಮಾನ ಬಂದರೆ ಏಜೆಂಟ್ 2 ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು. ಪಿಆರ್‌ಒ ಅಲ್ಲೇ ವಿಚಾರಣೆ ಮಾಡಿ ತೀರ್ಮಾನಿಸಬೇಕು. ನಿಮ್ಮ ಹೆಸರಿನಲ್ಲಿ ಇನ್ಯಾರೋ ಆಗಲೇ ಓಟು ಹಾಕಿ ಹೋಗಿದ್ದರೂ ನೀವು ಸುಮ್ಮನೆ ಹಿಂದಿರುಗಬೇಕಿಲ್ಲ. ಗುರುತು ಸಾಬೀತುಪಡಿಸಿ 'ಟೆಂಡರ್ಡ್ ಓಟು' ಕೇಳಿದರೆ ಕಾಗದದ ಮತಪತ್ರ ಕೊಡಲೇಬೇಕು. ಅದು ಬೇರೆ ಲಕೋಟೆಯಲ್ಲಿರುತ್ತದೆ, ಮಾಮೂಲಿ ಎಣಿಕೆಗೆ ಸೇರುವುದಿಲ್ಲ. ಆದರೆ ಮೋಸ ನಡೆದಿದೆ ಎಂಬುದಕ್ಕೆ ದಾಖಲೆಯಾಗಿ ಉಳಿಯುತ್ತದೆ.

ಎರಡನೆಯ ಮೇಜಿನಲ್ಲಿ ರಿಜಿಸ್ಟರಿಗೆ ಸಹಿ, ಎಡಗೈ ತೋರುಬೆರಳಿಗೆ ಶಾಯಿ. ಉಗುರಿನ ಮೇಲ್ತುದಿಯಿಂದ ಮೊದಲ ಗೆಣ್ಣಿನವರೆಗೆ ಎಳೆದ ಆ ಗೆರೆ ಮೈಸೂರಿನದು. 1962ರ ಚುನಾವಣೆಯಿಂದಲೂ ದೇಶಕ್ಕೆ ಈ ಶಾಯಿ ಒದಗಿಸುತ್ತಿರುವುದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದಂತೆ ಕಪ್ಪಾಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಮೂರನೆಯ ಮೇಜಿನಲ್ಲಿ 'ಬ್ಯಾಲಟ್' ಗುಂಡಿ ಒತ್ತಿದರಷ್ಟೇ ಮರೆಯ ಹಿಂದಿನ ಯಂತ್ರ ಮತ ಸ್ವೀಕರಿಸುತ್ತದೆ. ಒತ್ತಿದ ಚಿಹ್ನೆ ವಿವಿಪ್ಯಾಟ್ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿ ಚೀಟಿ ಕೆಳಗೆ ಬೀಳುತ್ತದೆ.

ಆ ಚೀಟಿಗಳ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದೂ ಅದೇ ದಿನ. ಎಲ್ಲ ಚೀಟಿಗಳನ್ನೂ ಎಣಿಸಬೇಕು, ಇಲ್ಲವೇ ಕಾಗದದ ಮತಪತ್ರಕ್ಕೆ ಮರಳಬೇಕು ಎಂಬ ಬೇಡಿಕೆಯನ್ನು ಅದು ಒಪ್ಪಲಿಲ್ಲ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆಗಳ ಚೀಟಿ ಎಣಿಸುವ ಪದ್ಧತಿಯೇ ಉಳಿಯಿತು. ವಿವಿಪ್ಯಾಟ್‌ಗೆ ಚಿಹ್ನೆಗಳನ್ನು ತುಂಬುವ ಸಾಧನಗಳನ್ನು ಫಲಿತಾಂಶದ ನಂತರವೂ 45 ದಿನ ಸೀಲು ಮಾಡಿ ಇಡಬೇಕೆಂದಿತು. ಹಾಗೆಂದು ಪ್ರಶ್ನೆ ಕೇಳಿದವರನ್ನು ದೇಶದ್ರೋಹಿಗಳಂತೆ ಕಾಣುವುದು ತಪ್ಪು. ಬೆಳಗಿನ ಅಣಕು ಮತದಾನ ನಡೆಯುವುದೂ ಅನುಮಾನ ಪರಿಹರಿಸುವುದಕ್ಕೇ ತಾನೆ?

ಆದರೆ ಆ ಮತಗಟ್ಟೆಯಲ್ಲಿ ನನ್ನ ಕಣ್ಣೆದುರು ಮತ ತಪ್ಪಿದ್ದು ಯಂತ್ರದಿಂದಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಒಬ್ಬ ಹೆಣ್ಣುಮಗಳು ಬಂದರು. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸದಿಂದ ಓಟಿಗೆಂದೇ ಊರಿಗೆ ಬಂದವರು. ಅಧಿಕಾರಿ ಪಟ್ಟಿಯನ್ನು ಎರಡು ಸಲ ತಿರುವಿದರು. "ಕಾರ್ಡು ಸರಿಯಾಗಿದೆ ಕಣಮ್ಮ, ಲಿಸ್ಟಲ್ಲಿ ಹೆಸರಿಲ್ಲ." "ಹೋದ ಸಲ ಇದೇ ರೂಮಲ್ಲಿ ಹಾಕಿದೀನಲ್ಲ ಸಾರ್" ಎಂದರು ಆಕೆ. ಬೆಂಚಿನಲ್ಲಿದ್ದ ಏಜೆಂಟರಿಗೂ ಆಕೆ ಪರಿಚಯದವರೇ. ಆದರೂ ಯಾರೂ ಏನೂ ಮಾಡುವಂತಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಕಾನೂನು ಮತ ಕೊಡುವುದಿಲ್ಲ, ಕೈಯಲ್ಲಿ ಯಾವ ಚೀಟಿ ಇದ್ದರೂ ಅಷ್ಟೇ.

ಆಕೆಯಂತೆ ಹೊರಗೆ ದುಡಿಯುವವರ ಹೆಸರನ್ನು ಊರು ಬಿಟ್ಟು ಹೋಗಿದ್ದಾರೆಂದು ತೆಗೆಯುವ ಮುನ್ನ ಅವರ ಮಾತು ಕೇಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೆಸರು ತೆಗೆಯುವ ಅರ್ಜಿ ಬಂದಾಗ ಮನೆ ಬಾಗಿಲಿಗೆ ಹೋಗಿ ಪರಿಶೀಲಿಸುವುದರ ಬೆಲೆ ಏನೆಂದು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಗೊತ್ತಾಯಿತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ನಿಜವಾದವು 24 ಮಾತ್ರ. ಚುನಾವಣಾಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟರು. ಬಂದ ಅರ್ಜಿಗಳನ್ನು ಕುಳಿತಲ್ಲೇ ಒಪ್ಪಿಬಿಟ್ಟಿದ್ದರೆ ಸಾವಿರಾರು ಜನ ಆ ಹೆಣ್ಣುಮಗಳಂತೆಯೇ ಮೇಜಿನ ಮುಂದೆ ನಿಂತು ಹಿಂದಿರುಗಬೇಕಾಗುತ್ತಿತ್ತು.

ಸಂಜೆ ಆರಕ್ಕೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಹಂಚಿದರು. ಕೊನೆಯಲ್ಲಿ ನಿಂತವರಿಂದ ಶುರುಮಾಡುವುದು ಕ್ರಮ, ಆಮೇಲೆ ಯಾರೂ ಬಂದು ಸೇರದಿರಲೆಂದು. ಅವರ ಮತವೂ ಮುಗಿದ ಮೇಲೆ 'ಕ್ಲೋಸ್' ಗುಂಡಿ ಒತ್ತಿ, ಒಟ್ಟು ಎಷ್ಟು ಮತ ಬಿದ್ದಿದೆ ಎಂದು ನಮೂನೆ 17ಸಿಯಲ್ಲಿ ಬರೆದರು. ಎಣಿಕೆಯ ದಿನ ಯಂತ್ರದ ಲೆಕ್ಕವನ್ನು ತಾಳೆ ನೋಡುವುದು ಈ ನಮೂನೆಯ ಜೊತೆಗೇ. ಇದರ ಪ್ರತಿಯನ್ನು ಏಜೆಂಟರ ಕೈಗೆ ಕೊಡಬೇಕು. ಆ ಹೊತ್ತಿಗೆ ಬೆಂಚಿನಲ್ಲಿ ಉಳಿದಿದ್ದವರು ಇಬ್ಬರೇ.

ಚುನಾವಣೆ ನ್ಯಾಯವಾಗಿ ನಡೆಯಲೆಂದು ಕಾನೂನು ಹೆಜ್ಜೆಹೆಜ್ಜೆಗೂ ಸಾಕ್ಷಿಗಳನ್ನು ಇಟ್ಟಿದೆ. ಆ ಜಾಗದಲ್ಲಿ ಕೂರುವವರು ನಾವೇ ಆಗಬೇಕು. ಪಕ್ಷದ ಕಾರ್ಯಕರ್ತರಾಗಿದ್ದರೆ ಕೊನೆಯವರೆಗೂ ಕುಳಿತು 17ಸಿ ಪ್ರತಿ ಪಡೆದೇ ಏಳಿ. ಮತದಾರರಾಗಿದ್ದರೆ ಇಂದೇ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿಕೊಳ್ಳಿ. ಮನೆಯ ಹಿರಿಯರ ಹೆಸರನ್ನೂ, ದುಡಿಯಲು ಪರಊರಿಗೆ ಹೋದವರ ಹೆಸರನ್ನೂ ನೋಡಿ. ಇಲ್ಲದಿದ್ದರೆ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಹತ್ತಿರ ಹೆಸರು ಸೇರಿಸುವ ನಮೂನೆ 6 ಕೊಡಿ, ಅಥವಾ 1950ಕ್ಕೆ ಫೋನ್ ಮಾಡಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ.