ಶಸ್ತ್ರಕ್ರಿಯೆಗೆ ಒಳಗಾಗುವ ಮಗುವಿಗೆ ನಳಿಕೆಯ ಮೂಲಕ ಆಹಾರ

ಮಗುವಿಗೆ ಶಸ್ತ್ರಕ್ರಿಯೆ ಆಗಬೇಕೆಂದು ವೈದ್ಯರು ತಿಳಿಸಿದೊಡನೆ ತಂದೆತಾಯಿಗಳ ಮನಸ್ಸು ಕತ್ತರಿ, ಹೊಲಿಗೆ, ರಕ್ತ ಇವುಗಳ ಕಡೆಗೇ ಹರಿಯುವುದು ಸಹಜ. ಆದರೆ ಕೊಯ್ದ ಚರ್ಮ ಕೂಡಿಕೊಳ್ಳುವುದಕ್ಕೂ, ಗಾಯ ಕೀವಾಗದಂತೆ ದೇಹ ಹೋರಾಡುವುದಕ್ಕೂ ಬೇಕಾದ ಸಾಮಗ್ರಿಯೆಲ್ಲ ಆಹಾರದಿಂದಲೇ ಒದಗತಕ್ಕದ್ದು. ದೊಡ್ಡವರ ಮೈಯಲ್ಲಿ ಇದರ ದಾಸ್ತಾನು ಇರುತ್ತದೆ. ಹಸುಗೂಸಿನಲ್ಲಿ ಅದು ಬಹಳ ಕಡಿಮೆ.

ಆದ್ದರಿಂದಲೇ ತುರ್ತಲ್ಲದ ಶಸ್ತ್ರಕ್ರಿಯೆಯನ್ನು ಮಗುವಿನ ತೂಕ ಏರುವವರೆಗೆ ಮುಂದೂಡುವುದುಂಟು. ಸೀಳುತುಟಿಯ ಕೂಸಿಗೆ ಕನಿಷ್ಠ 10 ವಾರ ತುಂಬಿರಬೇಕು, ತೂಕ ಸುಮಾರು 4.5 ಕಿಲೋಗ್ರಾಂ, ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು ಎಂಬುದು ಶಸ್ತ್ರವೈದ್ಯರ ಹಳೆಯ ಅಳತೆ. ಇದನ್ನು ಅಲಕ್ಷ್ಯವೆಂದು ಬಗೆದು ಊರಿಗೆ ಮರಳಿ ಮತ್ತೆ ಬಾರದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆತರಬೇಕು. ಉಳಿದ ಮಕ್ಕಳಿಗೆ ಆರು ತಿಂಗಳಾದ ಮೇಲೆ ಎದೆಹಾಲಿನ ಜೊತೆಗೆ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ, ನುಣ್ಣಗೆ ಅರೆದ ಶೇಂಗಾ, ತತ್ತಿ ಕೊಡಬಹುದು. ನೀರಾದ ಗಂಜಿ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸದು.

ಚೀಪಲು, ನುಂಗಲು ಆಗದ ಮಗುವಿಗೆ ಮೂಗಿನಿಂದ ಜಠರದವರೆಗೆ ಮೃದುವಾದ ಸಣ್ಣ ನಳಿಕೆಯನ್ನು ಇಳಿಸುತ್ತಾರೆ. ಅವಧಿಗೆ ಮೊದಲೇ ಹುಟ್ಟಿದ ಕೂಸು, ಹಾಲು ಕುಡಿಯುವಾಗಲೇ ದಣಿಯುವ ಹೃದ್ರೋಗಿ ಕೂಸು, ಕೆಲವು ಬಗೆಯ ಶಸ್ತ್ರಕ್ರಿಯೆ ಆದ ಮಕ್ಕಳು ಇವರಿಗೆ ಇದು ಬೇಕಾಗುವುದು. ನಳಿಕೆ ಹಾಕಿದರೆಂದರೆ ಮಗು ಕೈಬಿಟ್ಟಿತು ಎಂದು ಅಳುವವರುಂಟು. ಅದು ಕೇವಲ ಬಾಯಿಯ ಬದಲಿಗೆ ಇನ್ನೊಂದು ದಾರಿ. ಕರುಳು ಕೆಲಸ ಮಾಡದಿದ್ದಾಗ ಮಾತ್ರ ರಕ್ತನಾಳದ ಮೂಲಕ ಪೋಷಣೆ ಕೊಡುತ್ತಾರೆ.

ನಳಿಕೆಯಲ್ಲಿ ಕೊಡಲು ತಾಯಿಯ ಹಾಲೇ ಶ್ರೇಷ್ಠ. ಶುಚಿಯಾದ ಕೈಗಳಿಂದ ಹಿಂಡಿ, ಬಿಸಿಲುಗಾಲದಲ್ಲಿ ಬಹಳ ಹೊತ್ತು ಇಡದೆ ಕೊಡಬೇಕು. ತಲೆಯ ಭಾಗವನ್ನು ಎತ್ತರಿಸಿ, ಸಿರಿಂಜಿನ ದಂಡವನ್ನು ತೆಗೆದು, ಹಾಲು ತಾನಾಗಿ ಇಳಿಯುವಂತೆ ಹಿಡಿಯಬೇಕು; ಒತ್ತಿ ತುಂಬಬಾರದು. ಆ ಹೊತ್ತಿಗೆ ಕೂಸಿಗೆ ತಾಯಿಯ ಬರಿದಾದ ಮೊಲೆ ಚೀಪಲು ಬಿಟ್ಟರೆ, ವೈದ್ಯರು ಒಪ್ಪಿದಲ್ಲಿ, ಮುಂದೆ ಬಾಯಿಂದ ಕುಡಿಯುವುದು ಸುಲಭವಾಗುವುದು. ಪ್ರತಿ ಸಲವೂ ಮೊದಲು ಮೂಗಿನ ಬಳಿಯ ಗುರುತನ್ನು ನೋಡಿರಿ. ಗುರುತು ಜರುಗಿದ್ದರೆ, ಮಗು ಕೆಮ್ಮಿದರೆ, ತುಟಿ ನೀಲಿಗಟ್ಟಿದರೆ ತಕ್ಷಣ ನಿಲ್ಲಿಸಿ ದಾದಿಯರನ್ನು ಕರೆಯಿರಿ. ಕಳಚಿದ ನಳಿಕೆಯನ್ನು ನೀವೇ ಒಳಗೆ ತಳ್ಳಿದರೆ ಅದು ಶ್ವಾಸನಾಳಕ್ಕೆ ಹೋಗಿ ಹಾಲು ಪುಪ್ಪುಸಕ್ಕೆ ಇಳಿಯಬಹುದು.

ಶಸ್ತ್ರಕ್ರಿಯೆಯ ದಿನದ ಉಪವಾಸವೂ ಇದೇ ಅಪಾಯಕ್ಕಾಗಿಯೇ. ಅರಿವಳಿಕೆಯಲ್ಲಿ ವಾಂತಿ ಶ್ವಾಸಕೋಶ ಸೇರಬಹುದು. ಸಾಮಾನ್ಯವಾಗಿ ಎದೆಹಾಲನ್ನು ನಾಲ್ಕು ಗಂಟೆ, ಬೇರೆ ಹಾಲು ಮತ್ತು ಆಹಾರವನ್ನು ಆರು ಗಂಟೆ, ನೀರನ್ನು ಎರಡು ಗಂಟೆ ಮೊದಲು ನಿಲ್ಲಿಸುತ್ತಾರೆ. ಅಜ್ಜಿಯ ಕರುಣೆಯ ಒಂದು ಗುಟುಕು ಹಾಲನ್ನೂ ವೈದ್ಯರಿಗೆ ಮರೆಮಾಚಬೇಡಿರಿ.

ಬಾದಾಮಿ, ಹುನಗುಂದಗಳಲ್ಲಿ ಹೊಲದ ಕೆಲಸವಿರಲಿ, ಇಳಕಲ್ಲಿನಲ್ಲಿ ಮಗ್ಗ ನಿಲ್ಲಲಿ, ತಾಯಿಯೊಬ್ಬಳ ಮೇಲೆಯೇ ಇದನ್ನು ಹೊರಿಸಬಾರದು. ಅವಳೂ ನಿದ್ರೆ, ಊಟ ಮಾಡಿದರೆ ಹಾಲು ಬರುವುದು; ಆದ್ದರಿಂದ ತಂದೆಯೂ ನಳಿಕೆಯಲ್ಲಿ ಹಾಲುಣಿಸುವುದನ್ನು ಆಸ್ಪತ್ರೆಯಲ್ಲೇ ಕಲಿಯಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದಾಗ ಇಂಥ ಮಗುವನ್ನು ತೋರಿಸಿದರೆ, ಚಿಕಿತ್ಸೆಗೆ ಹಣವಿಲ್ಲದೆ ಕಳುಹಿಸುವ ಏರ್ಪಾಡು ಉಂಟು. ಮನೆಗೆ ಹೊರಡುವ ದಿನದ ತೂಕವನ್ನು ಕಾರ್ಡಿನಲ್ಲಿ ಬರೆಸಿಕೊಂಡು, ವಾರದೊಳಗೆ ಅಂಗನವಾಡಿಯಲ್ಲಿ ಮತ್ತೆ ತೂಗಿಸಿರಿ.