ಸಮರ್ಕಂದಿನಿಂದ ಬುಖಾರಾಕ್ಕೆ: ರಜೆಯ ಮೂರು ದಿನ

"ಮಗ ಓದಲಿಕ್ಕೆ ಹೋದದ್ದಾ, ತಿರುಗಲಿಕ್ಕೆ ಹೋದದ್ದಾ?" ನಮ್ಮ ಬ್ಯಾರಿ ಮನೆಗಳಲ್ಲಿ ಈಚೆಗೆ ಆಗಾಗ ಕೇಳಿಬರುವ ಮಾತು ಇದು. ಹಿಂದೆಲ್ಲ ಹೊರದೇಶ ಎಂದರೆ ಗಲ್ಫ್, ಅದೂ ದುಡಿಯಲಿಕ್ಕೆ. ಈಗ ಎಂಬಿಬಿಎಸ್ ಓದಲಿಕ್ಕೆ ಉಝ್ಬೇಕಿಸ್ತಾನ, ಕಿರ್ಗಿಸ್ತಾನ ಎಂದು ಮಕ್ಕಳು ಹೊರಟಿದ್ದಾರೆ. ಉಪ್ಪ ಗಲ್ಫಿನಲ್ಲಿ ದುಡಿದು ಫೀಸ್ ಕಳಿಸುತ್ತಾರೆ, ಉಮ್ಮ ಊರಿನಲ್ಲಿ ದುಆ ಮಾಡುತ್ತಾ ಇರುತ್ತಾರೆ. ಹೀಗಿರುವಾಗ ಮಗ ಫೋನ್ ಮಾಡಿ "ರಜೆ ಉಂಟು, ಸ್ನೇಹಿತರ ಜೊತೆ ಟೂರ್ ಹೋಗ್ತೇನೆ" ಎಂದರೆ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ.

ನಮ್ಮ ಮದ್ರಸದಲ್ಲಿ ಓದಿದ ಹುಡುಗನೊಬ್ಬ ಈಗ ಸಮರ್ಕಂದಿನಲ್ಲಿ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದಾನೆ. ಚಳಿಗಾಲದ ರಜೆಯಲ್ಲಿ ಮೂರು ದಿನ ಬುಖಾರಾಕ್ಕೆ ಹೋಗುತ್ತೇನೆ ಎಂದು ಅನುಮತಿ ಕೇಳಿದ. ದಮ್ಮಾಮಿನಲ್ಲಿರುವ ಉಪ್ಪ "ಬೇಡ" ಎಂದು ಫೋನ್ ಇಟ್ಟರು. ಉಮ್ಮ ನನ್ನ ಹತ್ತಿರ ಬಂದು "ಉಸ್ತಾದರೇ, ಏನು ಮಾಡುವುದು?" ಎಂದು ಕೇಳಿದರು. ಯಾರ ಜೊತೆ ಹೋಗುತ್ತಾನೆ, ಯಾವ ಹಣದಲ್ಲಿ ಹೋಗುತ್ತಾನೆ, ನಮಾಝ್ ಹೇಗೆ ಮಾಡುತ್ತಾನೆ, ಇಷ್ಟನ್ನು ಅವನಲ್ಲೇ ಕೇಳಿ ಎಂದೆ.

ಉತ್ತರ ಸಿಕ್ಕಿತು. ಜೊತೆಗೆ ಮಲಪ್ಪುರಂನ ಒಬ್ಬ ಸೀನಿಯರ್, ಕಾಶ್ಮೀರದ ಒಬ್ಬ, ರಾಜಸ್ಥಾನದ ಒಬ್ಬ ಹಿಂದೂ ಹುಡುಗ. ಹಣ ಮನೆಯಿಂದ ಕೇಳುವುದಿಲ್ಲ. ಆರು ತಿಂಗಳು ಹಾಸ್ಟೆಲಿನಲ್ಲಿ ತಾವೇ ಅಡುಗೆ ಮಾಡಿ ಉಳಿಸಿದ್ದು. ಪ್ರಯಾಣದಲ್ಲಿ ಮೂವರಿದ್ದರೆ ಒಬ್ಬನನ್ನು ಅಮೀರನನ್ನಾಗಿ ಮಾಡಿಕೊಳ್ಳಿ ಎಂದು ನೆಬಿ (ಸ.ಅ.) ಕಲಿಸಿದ್ದಾರಲ್ಲ? ಹಾಗೆ ಸೀನಿಯರ್ ಅಮೀರ್ ಆದ. ಹಣದ ಚೀಲ ರಾಜಸ್ಥಾನದವನ ಕೈಯಲ್ಲಿ, ಲೆಕ್ಕದಲ್ಲಿ ಅವನೇ ಗಟ್ಟಿ ಅಂತೆ. ಇದನ್ನೆಲ್ಲ ಕೇಳಿದ ಮೇಲೆ ಉಪ್ಪ "ಆಯ್ತು, ಹೋಗಿ ಬಾ" ಎಂದರು. ಆದರೆ ಸ್ವರದಲ್ಲಿ ಸಮಾಧಾನ ಇರಲಿಲ್ಲ.

ಹುಡುಗರು ಮೊದಲು ಹೋದದ್ದು ಸಮರ್ಕಂದಿನ ಹೊರಗಿನ ಖರ್ತಂಗ್‌ಗೆ. ಇಮಾಂ ಬುಖಾರಿ (ರ.) ಅಲ್ಲಿ ಅಂತ್ಯವಿಶ್ರಾಂತಿಯಲ್ಲಿದ್ದಾರೆ. ಹಿಜರಿ 194ರಲ್ಲಿ ಬುಖಾರಾದಲ್ಲಿ ಹುಟ್ಟಿದ ಇಮಾಮರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಸಾಕಿ ಓದಿಸಿದ್ದು ತಾಯಿ. ಹದಿನಾರರ ವಯಸ್ಸಿನಲ್ಲಿ ತಾಯಿ ಮತ್ತು ಅಣ್ಣನ ಜೊತೆ ಹಜ್ಜಿಗೆ ಹೋದರು. ಹಜ್ಜ್ ಮುಗಿಸಿ ತಾಯಿ ಊರಿಗೆ ಮರಳಿದರು, ಮಗ ಇಲ್ಮ್ ಕಲಿಯಲಿಕ್ಕೆ ಅಲ್ಲೇ ನಿಂತರು. ವಾಟ್ಸಪ್ ಇಲ್ಲದ, ಕಾಗದ ತಲುಪಲಿಕ್ಕೂ ತಿಂಗಳುಗಟ್ಟಲೆ ಬೇಕಿದ್ದ ಕಾಲ ಅದು. ಆ ತಾಯಿ ಅಂದು ಮಗನ ಕೈ ಬಿಟ್ಟದ್ದರ ಫಲವನ್ನು ನಾವು ಇಂದಿಗೂ ಓದುತ್ತಿದ್ದೇವೆ. ಮುಂದೆ ಬುಖಾರಾದ ಅಮೀರ ಅರಮನೆಗೆ ಬಂದು ಪಾಠ ಹೇಳಬೇಕೆಂದಾಗ ಇಮಾಮರು ಒಪ್ಪಲಿಲ್ಲ. ಅದಕ್ಕೆ ಊರನ್ನೇ ಬಿಡಬೇಕಾಯಿತು. ಹಿಜರಿ 256ರ ಈದುಲ್ ಫಿತ್ರ್ ರಾತ್ರಿ ಖರ್ತಂಗ್‌ನಲ್ಲಿ ವಫಾತಾದರು. ಹುಟ್ಟಿದ ಊರು ಬುಖಾರಾ, ಮಲಗಿದ್ದು ಸಮರ್ಕಂದಿನ ಬದಿಯಲ್ಲಿ. ಹುಡುಗ ಇದನ್ನು ಕಿತಾಬಿನಲ್ಲಿ ಓದಿದ್ದ, ಆದರೆ ಎರಡು ಊರುಗಳ ನಡುವಿನ ದೂರ ಏನೆಂದು ಗೊತ್ತಾದದ್ದು ಮರುದಿನ ಬುಖಾರಾದ ರೈಲು ಹತ್ತಿದಾಗ.

ಆ ದೂರ 250 ಕಿ.ಮೀ.ಗೂ ಹೆಚ್ಚು. ಅಫ್ರಾಸಿಯಾಬ್ ಎಂಬ ವೇಗದ ರೈಲಿನಲ್ಲಿ ಒಂದೂವರೆ ತಾಸಿನ ದಾರಿ. ಟಿಕೆಟಿಗೂ ಪ್ರಯಾಣಕ್ಕೂ ಪಾಸ್‌ಪೋರ್ಟ್ ಬೇಕು. ವಿದೇಶಿಯರು ತಂಗುವ ಕಡೆ ನೋಂದಣಿ ಮಾಡಿಸಿ ಅದರ ಚೀಟಿ ಇಟ್ಟುಕೊಳ್ಳಬೇಕು. ಇಲ್ಲಿಂದ ಮದ್ರಸದ ಫಿಕ್ಹ್ ಪಾಠವೂ ಶುರುವಾಯಿತು. ಖರ್ತಂಗ್ ಹತ್ತಿರದ ಊರು, ಅಲ್ಲಿಗೆ ಹೋಗಿ ಬಂದ ದಿನ ಕಸ್ರ್ ಇಲ್ಲ, ನಮಾಝ್ ಪೂರ್ತಿ. ಬುಖಾರಾ ಎರಡು ಮರ್ಹಲಕ್ಕಿಂತ ಎಷ್ಟೋ ದೂರ. ಹೋಗುವ ದಿನ, ಮರಳುವ ದಿನ ಬಿಟ್ಟು ನಾಲ್ಕು ದಿನ ನಿಲ್ಲುವ ನಿಯ್ಯತ್ ಇಲ್ಲದ ಕಾರಣ ಕಸ್ರೂ ಆಗುತ್ತದೆ, ಜಮ್ಅ್ ಕೂಡ ಆಗುತ್ತದೆ. ಆದರೆ ಊರಿನ ಇಮಾಮರ ಹಿಂದೆ ನಿಂತರೆ ಅವರಂತೆ ಪೂರ್ತಿ ನಿರ್ವಹಿಸಬೇಕು. ಅಲ್ಲಿಯವರು ಹನಫಿಗಳು, ನಾವು ಶಾಫಿಈಗಳು. ಅವರ ಅಸರ್ ತಡ, ಸುಬ್ಹಿಯಲ್ಲಿ ಕುನೂತ್ ಇಲ್ಲ. ಎರಡು ಮದ್ಹಬಿನವರು ಒಂದೇ ಸಫ್ಫಿನಲ್ಲಿ ನಿಲ್ಲುವುದು ಅವನಿಗೆ ಅಲ್ಲಿ ದಿನನಿತ್ಯದ ವಿಷಯ.

ಇನ್ನೊಂದು ಸ್ವಾರಸ್ಯ ಹೇಳಬೇಕು. ನಾವು ಮದ್ರಸದಲ್ಲಿ ಖುಫ್ಫಿನ ಮೇಲೆ ಮಸಹ್ ಮಾಡುವ ಪಾಠ ಹೇಳುವಾಗ ಮಕ್ಕಳು ನಗುತ್ತಾರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಚರ್ಮದ ಮೋಜಾ ಯಾರು ಹಾಕುತ್ತಾರೆ? ಉಝ್ಬೇಕಿಸ್ತಾನದಲ್ಲಿ ಹಿರಿಯರು ಹಾಕಿಕೊಳ್ಳುವ ಮೆತ್ತನೆಯ ಚರ್ಮದ ಮೋಜಾಕ್ಕೆ 'ಮಹ್ಸಿ' ಎನ್ನುತ್ತಾರೆ. ಹೊರಗೆ ಹೋಗುವಾಗ ಅದರ ಮೇಲೆ ರಬ್ಬರಿನ ಚಪ್ಪಲಿ. ಹಿಮ ಬಿದ್ದ ಬೆಳಿಗ್ಗೆ ತಣ್ಣೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ನಮ್ಮ ಹುಡುಗ ಸಮರ್ಕಂದಿನ ಸಿಯಾಬ್ ಬಝಾರಿನಲ್ಲಿ ಒಂದು ಜೊತೆ ಕೊಂಡ. ವುಝೂ ಪೂರ್ತಿ ಮಾಡಿಯೇ ಹಾಕಬೇಕು, ಊರಲ್ಲಿರುವವನಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ಮೂರು ರಾತ್ರಿ. "ಉಸ್ತಾದ್, ಆ ಪಾಠ ಯಾಕೆಂದು ಈಗ ಗೊತ್ತಾಯಿತು" ಎಂದು ಮೆಸೇಜ್ ಹಾಕಿದ್ದ.

ಬುಖಾರಾದಲ್ಲಿ ಅವರು ಕಂಡದ್ದನ್ನೆಲ್ಲ ಬರೆಯಲು ಈ ಪುಟ ಸಾಲದು. 1127ರಲ್ಲಿ ಕಟ್ಟಿದ ಕಲ್ಯಾನ್ ಮಿನಾರ. 1220ರಲ್ಲಿ ಚೆಂಗೀಸ್ ಖಾನ್ ಊರನ್ನೇ ನಾಶ ಮಾಡಿದರೂ ಇದು ಉಳಿಯಿತು. ಅದರ ಎದುರಿಗೆ 16ನೇ ಶತಮಾನದ ಮೀರ್ ಅರಬ್ ಮದ್ರಸ, ಇಂದಿಗೂ ಪಾಠ ನಡೆಯುವ ಜಾಗ. ಊರಿನ ಹೊರಗೆ ಬಹಾವುದ್ದೀನ್ ನಕ್ಷಬಂದಿ (ರ.) ಅವರ ಮಖಾಂ. ಬುಖಾರಾದ ಬಳಿಯ ಅಫ್ಶಾನಾ ಗ್ರಾಮ ಇಬ್ನು ಸೀನಾ 980ರಲ್ಲಿ ಹುಟ್ಟಿದ ಊರು. ಅವರ 'ಅಲ್ ಕಾನೂನ್' ಯುರೋಪಿನ ವೈದ್ಯ ವಿದ್ಯಾರ್ಥಿಗಳಿಗೆ ನೂರಾರು ವರ್ಷ ಪಠ್ಯಪುಸ್ತಕವಾಗಿತ್ತು. ಹತ್ತು ವರ್ಷ ತುಂಬುವಾಗ ಕುರ್‌ಆನ್ ಕಂಠಪಾಠ ಮಾಡಿದ್ದ ಹುಡುಗನೇ ಮುಂದೆ ಜಗತ್ತಿಗೆ ವೈದ್ಯ ಕಲಿಸಿದ. ಮದ್ರಸ ಬೇರೆ, ಮೆಡಿಕಲ್ ಬೇರೆ ಎನ್ನುವವರು ಇದನ್ನು ನೆನಪಿಡಬೇಕು.

ಆದರೆ ಹುಡುಗನ ಮನಸ್ಸಿಗೆ ಹೆಚ್ಚು ತಾಗಿದ್ದು ಕಟ್ಟಡಗಳಲ್ಲ. ಮಸೀದಿಯೊಂದರಲ್ಲಿ ಸಿಕ್ಕಿದ ಅಜ್ಜನೊಬ್ಬ ನಾಲ್ವರನ್ನೂ ಮನೆಗೆ ಕರೆದೊಯ್ದು ಚಹಾ ಕೊಟ್ಟರು. ಸೋವಿಯತ್ ಕಾಲದಲ್ಲಿ ಅಲ್ಲಿ ಮಸೀದಿಗಳಿಗೆ ಬೀಗ ಬಿದ್ದಿತ್ತು, ಅರಬಿ ಲಿಪಿ ತೆಗೆದು ಮೊದಲು ಲ್ಯಾಟಿನ್, ಆಮೇಲೆ ರಷ್ಯನ್ ಲಿಪಿ ತಂದಿದ್ದರು. ಅಜ್ಜನ ಮನೆಯಲ್ಲಿ ಹಿರಿಯರ ಕಿತಾಬುಗಳಿದ್ದವು, ಓದುವವರಿರಲಿಲ್ಲ. "ನನಗೆ ಫಾತಿಹಾ ಕಲಿಸಿದ್ದು ಅಜ್ಜಿ, ರಾತ್ರಿ ಪರದೆ ಎಳೆದು, ಸಣ್ಣ ಸ್ವರದಲ್ಲಿ" ಎಂದರಂತೆ ಅಜ್ಜ. ಹೀಗೆ ಮನೆಯೊಳಗೆ ದೀನ್ ಕಲಿಸುತ್ತಿದ್ದ ಹೆಂಗಸರಿಗೆ ಅಲ್ಲಿ 'ಒತಿನ್ ಆಯಿ' ಎಂಬ ಗೌರವದ ಹೆಸರು. ಗುಟ್ಟಾಗಿ ನಡೆಯುತ್ತಿದ್ದ ಪಾಠಕ್ಕೆ 'ಹುಜ್ರಾ' ಎನ್ನುತ್ತಿದ್ದರು. ಆ ಕಾಲದಲ್ಲಿ ಮಧ್ಯ ಏಷ್ಯಾದಲ್ಲಿ ಹಾಗೆ ಪಾಠ ಹೇಳಿದ ದೊಡ್ಡ ವಿದ್ವಾಂಸರೊಬ್ಬರು ಮುಹಮ್ಮದ್‌ಜಾನ್ ಹಿಂದೂಸ್ತಾನಿ. ನಮ್ಮ ಅಜ್ಮೀರಿನಲ್ಲಿ ಓದಿದ್ದಕ್ಕೇ ಅವರಿಗೆ ಆ ಹೆಸರು. 1991ರಲ್ಲಿ ದೇಶ ಸ್ವತಂತ್ರವಾದ ಮೇಲೆ ಮಸೀದಿಗಳ ಬಾಗಿಲು ತೆರೆಯಿತು. ನಮ್ಮಲ್ಲಿ ಮದ್ರಸದ ಬಾಗಿಲು ತೆರೆದೇ ಇದೆ, ಮಕ್ಕಳನ್ನು ಟ್ಯೂಷನ್ ನೆಪ ಹೇಳಿ ತಪ್ಪಿಸುವವರು ನಾವೇ.

ಅಜ್ಜನ ಮನೆಯಲ್ಲಿ ದಸ್ತರ್‌ಖಾನ್ ಹಾಸಿ ರೊಟ್ಟಿ ಮುರಿದು ಎಲ್ಲರ ಮುಂದಿಟ್ಟರು. ಅದಕ್ಕೆ ಅಲ್ಲಿ 'ನಾನ್' ಎನ್ನುತ್ತಾರೆ, ಮಗುಚಿ ಇಡುವುದಿಲ್ಲ. ಊಟವಾದ ಮೇಲೆ ಕೈಯೆತ್ತಿ ದುಆ. ರಾಜಸ್ಥಾನದ ಹುಡುಗನೂ ಸುಮ್ಮನೆ ಕೈಯೆತ್ತಿದ. ಆದರೆ ಮುಸ್ಲಿಂ ದೇಶ ಎಂದು ಎಲ್ಲ ಕಡೆ ಕಣ್ಣುಮುಚ್ಚಿ ತಿನ್ನಲಿಕ್ಕಾಗದು. ಅಂಗಡಿಗಳಲ್ಲಿ ಹಂದಿಮಾಂಸ ಸೇರಿದ ಸಾಸೇಜ್ ಇರುತ್ತದೆ, ಹೋಟೆಲುಗಳಲ್ಲಿ ಶರಾಬು ಸಿಗುತ್ತದೆ. ಕೇಳಿ ತಿನ್ನುವುದೇ ಕ್ಷೇಮ.

ಮೂರನೇ ರಾತ್ರಿ ದಮ್ಮಾಮಿನಿಂದ ಉಪ್ಪನ ಫೋನ್ ಬಂತು. "ಇಮಾಂ ಬುಖಾರಿಯವರ ಹತ್ತಿರ ನಿಂತು ನನಗೆ ದುಆ ಮಾಡಿದೆಯಾ?" ಎಂದು ಕೇಳಿದರಂತೆ. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿದ್ದು ಕೆಲಸ, ರೂಮ್ ಮತ್ತು ಉಮ್ರಾ ಬಿಟ್ಟು ಬೇರೇನೂ ನೋಡದ ಮನುಷ್ಯ ಅವರು. ಮಗ ಕಳಿಸಿದ ಫೋಟೋಗಳನ್ನು ಈಗ ರೂಮಿನವರಿಗೆಲ್ಲ ತೋರಿಸುತ್ತಾರಂತೆ.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಟೂರ್ ಎಂದ ಕೂಡಲೇ ಬೇಡ ಎನ್ನಬೇಡಿ, ಹೂಂ ಎಂದೂ ಅನ್ನಬೇಡಿ. ಕೇಳಿ ತಿಳಿದುಕೊಳ್ಳಿ. ಗದರಿಸಿದರೆ ಮಕ್ಕಳು ಹೇಳದೆ ಹೋಗುತ್ತಾರೆ, ಅದೇ ಹೆಚ್ಚು ಅಪಾಯ. ಹರಾಮಿಗಾಗಿ ಹೊರಟ ಪ್ರಯಾಣದಲ್ಲಿ ಕಸ್ರಿನ ರಿಯಾಯಿತಿಯೂ ಇಲ್ಲ ಎಂಬುದನ್ನು ನೆನಪಿಸಿ. ಶುಕ್ರವಾರ ಸುಬ್ಹಿಯ ನಂತರ ಹೊರಟು ಜುಮುಅ ತಪ್ಪಿಸಿಕೊಳ್ಳದಂತೆ ಹೇಳಿ. ಹೆಣ್ಮಕ್ಕಳ ಪ್ರಯಾಣಕ್ಕೆ ಮಹ್ರಮಿನ ವಿಷಯ ಉಂಟು, ನಿಮ್ಮ ಖತೀಬರಲ್ಲಿ ವಿಚಾರಿಸಿ. ನೀವೇ ಒಮ್ಮೆ ಮಗಳನ್ನು ನೋಡಲು ಹೋದರೆ ಜೊತೆಯಾಗಿ ಝಿಯಾರತ್ ಮಾಡಬಹುದು. ಮಕ್ಕಳು ಹೊರಡುವ ಮೊದಲು ಸಫರಿನ ನಮಾಝ್ ಮತ್ತು ಮಸಹ್‌ನ ಪಾಠವನ್ನು ಒಮ್ಮೆ ತಿರುವಿ ಹಾಕಲು ನಿಮ್ಮ ಮಹಲ್ಲಿನ ಉಸ್ತಾದರ ಬಳಿ ಕಳಿಸಿ, ಅರ್ಧ ಗಂಟೆ ಸಾಕು.